ಕಂಡದ್ದನ್ನು ಹೇಳುವುದು: ‘ಕಿಡ್‌ನ್ಯಾಪ್ಡ್’ ಚಿತ್ರದ ನೆಪದಲ್ಲಿ

(ಮಹಿಳಾ ವೇದಿಕೆಯ ‘ಕಾದಂಬರಿಯಿಂದ ತೆರೆಗೆ’ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಮಾಲಿಕೆಯಲ್ಲಿ ನನಗಿಂತ ಮೊದಲು ಮಾತಾಡಿದವರೆಲ್ಲ ಕನ್ನಡದ ಕಾದಂಬರಿಗಳನ್ನೇ ಆರಿಸಿಕೊಂಡಿದ್ದರು. ನಾನು ಮಾತ್ರ ಸ್ಕಾಟ್ಲೆಂಡಿನ ಕಥೆ ಹೇಳುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, “ಅದು ಹಡಗು, ಕತ್ತಿ, ಬಂದೂಕು ಅಂತ ಹುಡುಗರು ಓದೋ ಕಥೆ ಅಲ್ವೇನಮ್ಮಾ?” ಅಂದರು. ಅವರು ಹೇಳಿದ್ದು ನಿಜ. ರಾಬರ್ಟ್ ಲೂಯಿ ಸ್ಟೀವನ್ಸನ್ ‘ಕಿಡ್‌ನ್ಯಾಪ್ಡ್’ ಬರೆದದ್ದೇ ಹುಡುಗರ ವಾರಪತ್ರಿಕೆಗೆ. 1886ರಲ್ಲಿ ‘ಯಂಗ್ ಫೋಕ್ಸ್’ ಎಂಬ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಅದೇ ವರ್ಷ ಪುಸ್ತಕವೂ ಆಯಿತು. ನಾನು ಓದಿದ್ದು ಹೈಸ್ಕೂಲಿನಲ್ಲಿ, ಚಿಕ್ಕದು ಮಾಡಿದ ಆವೃತ್ತಿಯನ್ನು. ಆಗ ನನಗೆ ಉಳಿದದ್ದು ಹಡಗಿನ ಹೊಡೆದಾಟವೊಂದೇ. ಎರಡು ವರ್ಷದ ಹಿಂದೆ 1971ರ ಸಿನಿಮಾ ನೋಡಿದೆ. ಅದರ ಕೊನೆ ಯಾಕೋ ಸರಿ ಬರಲಿಲ್ಲ ಅನ್ನಿಸಿ ಪೂರ್ತಿ ಪುಸ್ತಕ ತೆಗೆದು ಓದಿದೆ. ಇವತ್ತಿನ ಮಾತೆಲ್ಲ ಆ ‘ಸರಿ ಬರಲಿಲ್ಲ’ ಎಂಬುದರ ಬಗ್ಗೆಯೇ.

ಕಥೆ ಗೊತ್ತಿಲ್ಲದವರಿಗಾಗಿ ಬೇಗ ಹೇಳಿಬಿಡುತ್ತೇನೆ. ಡೇವಿಡ್ ಬಾಲ್ಫರ್ ಎಂಬ ಹದಿಹರೆಯದ ಹುಡುಗ, ತಂದೆ ತೀರಿಕೊಂಡ ಮೇಲೆ ಚಿಕ್ಕಪ್ಪನ ಮನೆ ಹುಡುಕಿಕೊಂಡು ಹೋಗುತ್ತಾನೆ. ಚಿಕ್ಕಪ್ಪ ಎಬೆನೆಜರ್ ಮಹಾ ಜಿಪುಣ, ಆಸ್ತಿ ನ್ಯಾಯವಾಗಿ ಈ ಹುಡುಗನಿಗೆ ಸೇರಬೇಕಾದದ್ದು. ಕತ್ತಲಲ್ಲಿ ಮೆಟ್ಟಿಲು ಹತ್ತಿ ಪೆಟ್ಟಿಗೆ ತಾ ಎಂದು ಕಳಿಸುತ್ತಾನೆ. ಮಿಂಚು ಹೊಳೆದಾಗ ಹುಡುಗನಿಗೆ ಕಾಣುತ್ತದೆ, ಮುಂದೆ ಮೆಟ್ಟಿಲೇ ಇಲ್ಲ. ಅದು ಫಲಿಸದಿದ್ದಾಗ ಒಬ್ಬ ಹಡಗಿನ ಕ್ಯಾಪ್ಟನ್ನಿಗೆ ದುಡ್ಡು ಕೊಟ್ಟು, ಹುಡುಗನನ್ನು ಅಮೆರಿಕದ ಕರೊಲಿನಾದಲ್ಲಿ ಆಳಾಗಿ ಮಾರಿಬಿಡಲು ಹಡಗು ಹತ್ತಿಸುತ್ತಾನೆ. ದಾರಿಯಲ್ಲಿ ಆ ಹಡಗು ಒಂದು ದೋಣಿಗೆ ಡಿಕ್ಕಿ ಹೊಡೆದು, ಅದರಲ್ಲಿದ್ದ ಅಲನ್ ಬ್ರೆಕ್ ಸ್ಟೂವರ್ಟ್ ಎಂಬ ಬಂಡುಕೋರ ಹಡಗಿಗೆ ಬರುತ್ತಾನೆ. ಇಬ್ಬರೂ ಸೇರಿ ಹಡಗಿನವರ ವಿರುದ್ಧ ಹೋರಾಡುತ್ತಾರೆ. ಹಡಗು ಒಡೆಯುತ್ತದೆ. ಆಮೇಲೆ ಗುಡ್ಡಗಾಡಿನಲ್ಲಿ ಅಲೆದಾಟ.

1971ರ ಚಿತ್ರವನ್ನು ನಿರ್ದೇಶಿಸಿದವರು ಡೆಲ್ಬರ್ಟ್ ಮಾನ್, ‘ಮಾರ್ಟಿ’ ಚಿತ್ರಕ್ಕೆ ಆಸ್ಕರ್ ಪಡೆದವರು. ಚಿತ್ರಕಥೆ ಜ್ಯಾಕ್ ಪುಲ್ಮನ್ ಅವರದು. ಅಲನ್ ಆಗಿ ಮೈಕಲ್ ಕೇನ್, ಡೇವಿಡ್ ಆಗಿ ಲಾರೆನ್ಸ್ ಡಗ್ಲಸ್. ಚಿಕ್ಕಪ್ಪನಾಗಿ ಡೊನಾಲ್ಡ್ ಪ್ಲೆಸೆನ್ಸ್ ಅವರ ಮುಖ ನೋಡಿದರೆ ಸಾಕು, ಎದುರಿಗಿಟ್ಟ ಗಂಜಿಯನ್ನೂ ಲೆಕ್ಕ ಹಾಕುವ ಮನುಷ್ಯ ಎಂದು ಗೊತ್ತಾಗುತ್ತದೆ. ಕ್ಯಾಪ್ಟನ್ ಪಾತ್ರದ ಜ್ಯಾಕ್ ಹಾಕಿನ್ಸ್ ಅವರನ್ನು ಗಮನಿಸಿ. ಗಂಟಲಿನ ಕ್ಯಾನ್ಸರಿನಿಂದ 1966ರಲ್ಲೇ ಅವರ ಧ್ವನಿಪೆಟ್ಟಿಗೆ ತೆಗೆದುಹಾಕಿದ್ದರು. ಆಮೇಲಿನ ಚಿತ್ರಗಳಲ್ಲಿ ತುಟಿ ಅವರದು, ಧ್ವನಿ ಬೇರೆಯವರದು. ಆದರೂ ನಟಿಸುವುದನ್ನು ಬಿಡಲಿಲ್ಲ. ಇನ್ನು ಮೈಕಲ್ ಕೇನ್, ಈ ಚಿತ್ರಕ್ಕೆ ತನಗೆ ದುಡ್ಡೇ ಬರಲಿಲ್ಲ ಎಂದು ಹೇಳಿಕೊಂಡಿದ್ದಾರೆ!

‘ಕಿಡ್‌ನ್ಯಾಪ್ಡ್’ ಮತ್ತು ಅದರ ಮುಂದುವರಿಕೆಯಾಗಿ 1893ರಲ್ಲಿ ಬಂದ ‘ಕ್ಯಾಟ್ರಿಯೊನಾ’, ಎರಡೂ ಕಾದಂಬರಿಗಳನ್ನು ಈ ಚಿತ್ರ ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ಮುಗಿಸುತ್ತದೆ. ಅದಕ್ಕಾಗಿ ಎಷ್ಟೋ ಬಿಟ್ಟಿದ್ದಾರೆ, ತಪ್ಪಲ್ಲ. ಬಿಟ್ಟದ್ದು ನನಗೆ ಸಮಸ್ಯೆಯಾಗಲಿಲ್ಲ, ಬದಲಿಸಿದ್ದು ಆಯಿತು. ಅದನ್ನು ಹೇಳಬೇಕಾದರೆ ಮೊದಲು ಒಂದು ನಿಜವಾದ ಕೊಲೆಯ ಬಗ್ಗೆ ಹೇಳಬೇಕು.

1746ರಲ್ಲಿ ಕಲೋಡನ್ ಎಂಬ ಬಯಲಿನಲ್ಲಿ ಸ್ಕಾಟ್ಲೆಂಡಿನ ಬಂಡಾಯ ಸೋತುಹೋಯಿತು. ಪದಚ್ಯುತವಾದ ಸ್ಟೂವರ್ಟ್ ರಾಜವಂಶವನ್ನು ಮತ್ತೆ ಸಿಂಹಾಸನಕ್ಕೆ ತರಲು ಗುಡ್ಡಗಾಡಿನ ಹಲವು ಕುಲಗಳು ಎದ್ದಿದ್ದವು. ಇವರನ್ನು ಜ್ಯಾಕೊಬೈಟರು ಎನ್ನುತ್ತಾರೆ. ಸೋತ ಮೇಲೆ ನಾಯಕರ ಜಮೀನುಗಳನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಆ ಜಮೀನುಗಳನ್ನು ನೋಡಿಕೊಳ್ಳಲು, ಗೇಣಿ ವಸೂಲು ಮಾಡಲು ನೇಮಿಸಿದ ಅಧಿಕಾರಿಗೆ ಫ್ಯಾಕ್ಟರ್ ಎಂದು ಹೆಸರು. ಆಪಿನ್ ಸೀಮೆಯ ಸ್ಟೂವರ್ಟ್‌ಗಳ ಜಮೀನಿಗೆ ಫ್ಯಾಕ್ಟರ್ ಆಗಿ ಬಂದವನು ಕಾಲಿನ್ ಕ್ಯಾಂಪ್‌ಬೆಲ್, ‘ಕೆಂಪು ನರಿ’ ಎಂದು ಕಾದಂಬರಿಯಿಂದ ಪ್ರಸಿದ್ಧನಾದವನು. ಕ್ಯಾಂಪ್‌ಬೆಲ್‌ಗಳಿಗೂ ಸ್ಟೂವರ್ಟ್‌ಗಳಿಗೂ ಹಳೆಯ ಹಗೆ. 1752ರ ಮೇ 14ರಂದು, ಕೆಲವು ಗೇಣಿದಾರರನ್ನು ಒಕ್ಕಲೆಬ್ಬಿಸಲು ಹೊರಟಿದ್ದ ಅವನನ್ನು ಲೆಟರ್‌ಮೋರ್ ಕಾಡಿನಲ್ಲಿ ಯಾರೋ ಮರೆಯಿಂದ ಗುಂಡಿಟ್ಟು ಕೊಂದರು.

ಅನುಮಾನ ಬಿದ್ದದ್ದು ಅಲನ್ ಬ್ರೆಕ್ ಮೇಲೆ. ಹೌದು, ಅವನು ನಿಜವಾಗಿ ಬದುಕಿದ್ದ ಮನುಷ್ಯ. ‘ಬ್ರೆಕ್’ ಅಂದರೆ ಅಲ್ಲಿಯ ಗೇಲಿಕ್ ಮಾತಿನಲ್ಲಿ ಸಿಡುಬಿನ ಕಲೆಯ ಮುಖದವನು. ಅವನು ಫ್ರಾನ್ಸಿಗೆ ತಪ್ಪಿಸಿಕೊಂಡ. ಯಾರನ್ನಾದರೂ ಶಿಕ್ಷಿಸಲೇಬೇಕಲ್ಲ, ಅವನನ್ನು ಸಾಕಿದ ಜೇಮ್ಸ್ ಸ್ಟೂವರ್ಟನನ್ನು ಹಿಡಿದರು. ಸೆಪ್ಟೆಂಬರಿನಲ್ಲಿ ಇನ್‌ವರರಿ ಊರಿನಲ್ಲಿ ವಿಚಾರಣೆ. ಇನ್‌ವರರಿ ಕ್ಯಾಂಪ್‌ಬೆಲ್‌ಗಳ ಊರು. ನ್ಯಾಯಪೀಠದ ಮುಖ್ಯಸ್ಥ ಆರ್ಗೈಲ್ ಡ್ಯೂಕ್, ಕ್ಯಾಂಪ್‌ಬೆಲ್ ಕುಲದ ಯಜಮಾನ. ಜ್ಯೂರಿಯ 15 ಜನರಲ್ಲಿ 11 ಮಂದಿ ಕ್ಯಾಂಪ್‌ಬೆಲ್‌ಗಳು. ಗುಂಡು ಹಾರಿಸಿದ್ದು ಜೇಮ್ಸ್ ಎಂದು ಸರ್ಕಾರವೂ ಹೇಳಲಿಲ್ಲ. ಕೊಲೆಯಲ್ಲಿ ಪಾಲುದಾರ ಎಂದಷ್ಟೇ ಆರೋಪ. ನವೆಂಬರ್ 8ರಂದು ಬ್ಯಾಲಚುಲಿಷ್ ದೋಣಿಕಟ್ಟೆಯ ಮೇಲಿನ ದಿಬ್ಬದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹೆಣವನ್ನು ಇಳಿಸಲಿಲ್ಲ. ತಿಂಗಳುಗಟ್ಟಲೆ ಸೈನಿಕರ ಕಾವಲಿನಲ್ಲಿ ಅಲ್ಲೇ ತೂಗುಹಾಕಿದ್ದರು. ಅವನ ಹೆಂಡತಿ ಮಾರ್ಗರೆಟ್ ಮತ್ತು ಮಕ್ಕಳು ಅದೇ ಸೀಮೆಯವರು. ಗುಂಡು ಹಾರಿಸಿದವನು ಯಾರು ಎನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಕ್ಷಮಿಸಿ. ಈ ಮುಟ್ಟುಗೋಲಿನ ಕಥೆ ನಮ್ಮ ಶ್ರೀರಂಗಪಟ್ಟಣದವರೆಗೂ ಬರುತ್ತದೆ. ಬಂಡಾಯದಲ್ಲಿ ಆಸ್ತಿ ಕಳೆದುಕೊಂಡ ಮನೆತನಗಳಲ್ಲಿ ಕ್ರೊಮಾರ್ಟಿ ಅರ್ಲ್‌ನದೂ ಒಂದು. ಅವನ ಮಗ ಲಾರ್ಡ್ ಮೆಕ್‌ಲಿಯಡ್ ತಾನೂ ಬಂಡಾಯದಲ್ಲಿ ಭಾಗವಹಿಸಿ, ಕ್ಷಮಾದಾನ ಪಡೆದು, ಸ್ವೀಡನ್ನಿನ ಸೈನ್ಯ ಸೇರಿ, ಕೊನೆಗೆ ಅದೇ ಬ್ರಿಟಿಷ್ ದೊರೆಗಾಗಿ ಗುಡ್ಡಗಾಡಿನವರ ಒಂದು ರೆಜಿಮೆಂಟ್ ಕಟ್ಟಿದ. ಅದು 1780ರ ಆರಂಭದಲ್ಲಿ ಮದ್ರಾಸಿಗೆ ಬಂದಿಳಿಯಿತು. ಅದೇ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕೈಯಲ್ಲಿ ಕರ್ನಲ್ ಬೇಲಿಯ ದಳ ನುಚ್ಚುನೂರಾದಾಗ ಅದರಲ್ಲಿ ಈ ರೆಜಿಮೆಂಟಿನ ತುಕಡಿಗಳೂ ಇದ್ದವು. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನೋಡಿದ ‘ಬೇಲಿ ಡಂಜನ್’ ಇದೆಯಲ್ಲ, ಅದೇ ಬೇಲಿ. ಆಗ ಸೆರೆಯಾದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಬಂಧಿಯಾಗಿದ್ದ. ಕೈದಿಗಳನ್ನು ಇಬ್ಬಿಬ್ಬರಾಗಿ ಸಂಕೋಲೆಯಲ್ಲಿ ಕಟ್ಟುತ್ತಾರೆ ಎಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ, ನನ್ನ ಮಗನ ಜೊತೆಗೆ ಕಟ್ಟಿಸಿಕೊಂಡವನ ಪಾಡು ಏನೋ ಪಾಪ ಎಂದಳಂತೆ. ಎಂಥ ತಾಯಿ ನೋಡಿ! 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಸೈನ್ಯದ ಮುಂದೆ ಇದ್ದವನು ಇದೇ ಬೇರ್ಡ್. ಇನ್ನು ಮೆಕ್‌ಲಿಯಡ್‌ಗೆ 1784ರಲ್ಲಿ ಮನೆತನದ ಆಸ್ತಿ ವಾಪಸು ಸಿಕ್ಕಿತು. ಜೇಮ್ಸ್ ಸ್ಟೂವರ್ಟನ ಮನೆಯವರಿಗೆ ವಾಪಸು ಕೊಡಲು ಆಗುವಂಥದ್ದೇನೂ ಇರಲಿಲ್ಲ.

ಮತ್ತೆ ಕಥೆಗೆ ಬರೋಣ. ಸ್ಟೀವನ್ಸನ್ ಈ ಕೊಲೆಯನ್ನು ಒಂದು ವರ್ಷ ಹಿಂದೆ, 1751ಕ್ಕೆ ತಳ್ಳಿ, ಅಲ್ಲಿ ತನ್ನ ಕಲ್ಪನೆಯ ಹುಡುಗ ಡೇವಿಡ್‌ನನ್ನು ನಿಲ್ಲಿಸುತ್ತಾನೆ. ಕೆಂಪು ನರಿ ಬಿದ್ದಾಗ ಡೇವಿಡ್ ಅವನ ಪಕ್ಕದಲ್ಲೇ ನಿಂತು ದಾರಿ ಕೇಳುತ್ತಿರುತ್ತಾನೆ. ಗುಡ್ಡದ ಮೇಲೆ ಓಡುವ ಕೊಲೆಗಾರನನ್ನು ಕಾಣುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಅಲನ್‌ ಸಿಗುತ್ತಾನೆ. ಕೊಂದವನು ಅವನಲ್ಲ ಎಂದು ಡೇವಿಡ್‌ಗೆ ಮನದಟ್ಟಾಗುತ್ತದೆ. ಅಂದರೆ ಇಡೀ ದೇಶದಲ್ಲಿ, ಅಲನ್ ಕೊಂದಿಲ್ಲ, ಆದ್ದರಿಂದ ಜೇಮ್ಸ್ ಪಾಲುದಾರನಲ್ಲ ಎಂದು ಕಣ್ಣಾರೆ ಕಂಡು ಹೇಳಬಲ್ಲವನು ಈ ಹುಡುಗ ಒಬ್ಬನೇ. ಹೇಳಲು ಹೋದರೆ ಇವನನ್ನೇ ಹಿಡಿದು ಗಲ್ಲಿಗೆ ಹಾಕಬಹುದು. ಹೇಳದಿದ್ದರೆ, ತನ್ನ ಆಸ್ತಿ ತೆಗೆದುಕೊಂಡು ಆರಾಮವಾಗಿ ಇರಬಹುದು.

ಸ್ಟೀವನ್ಸನ್ ಕಾನೂನು ಓದಿ 1875ರಲ್ಲಿ ವಕೀಲನಾದವನು. (ಅದಕ್ಕೆ ಮೊದಲು ಎಂಜಿನಿಯರಿಂಗ್ ಸೇರಿದ್ದ. ಮನೆತನವೇ ದೀಪಸ್ತಂಭ ಕಟ್ಟುವ ಎಂಜಿನಿಯರುಗಳದು. ಇವನಿಗೆ ಮನಸ್ಸು ಬರಲಿಲ್ಲ, ಬಿಟ್ಟ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಧೈರ್ಯ ಇತ್ತು ಹೇಳಿ!) ಈ ಮೊಕದ್ದಮೆ ಅವನ ಕೈಗೆ ಸಿಕ್ಕಿದ ರೀತಿಯನ್ನು ಹೆಂಡತಿ ಫ್ಯಾನಿ ಬರೆದಿಟ್ಟಿದ್ದಾಳೆ. ಬೋರ್ನ್‌ಮತ್‌ನಲ್ಲಿದ್ದಾಗ ಅವಳಿಗೆ ತಾನೇ ಒಂದು ನಾಟಕ ಬರೆಯುವ ಆಸೆ. ಅದರಲ್ಲೊಂದು ನ್ಯಾಯಾಲಯದ ದೃಶ್ಯ ಬೇಕಿತ್ತು. ಹಾಗಾಗಿ ಹಳೆಯ ಮೊಕದ್ದಮೆಗಳ ಪುಸ್ತಕಗಳಿಗಾಗಿ ಲಂಡನ್ನಿನ ವ್ಯಾಪಾರಿಗೆ ಹೇಳಿ ತರಿಸಿದರು. ಹಾಗೆ ಬಂದ ಕಟ್ಟುಗಳಲ್ಲಿ ಜೇಮ್ಸ್ ಸ್ಟೂವರ್ಟನ ವಿಚಾರಣೆಯ ಪುಸ್ತಕವೂ ಇತ್ತಂತೆ. ಫ್ಯಾನಿಯ ನಾಟಕದ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತಿದೆ? ಗಂಡ ಎರಡು ಕಾದಂಬರಿ ಬರೆದ.

ಈಗ ಸಿನಿಮಾದ ಕೊನೆ. ಡೇವಿಡ್ ಎಡಿನ್‌ಬರೋಗೆ ಹೋಗಿ ಲಾರ್ಡ್ ಅಡ್ವೊಕೇಟ್ ಮುಂದೆ, ಅಂದರೆ ಸ್ಕಾಟ್ಲೆಂಡಿನ ಮುಖ್ಯ ಸರ್ಕಾರಿ ವಕೀಲನ ಮುಂದೆ, ನಾನು ಸಾಕ್ಷಿ ಹೇಳುತ್ತೇನೆ ಎಂದು ನಿಲ್ಲುತ್ತಾನೆ. ಟ್ರೆವರ್ ಹೊವರ್ಡ್ ಆ ಪಾತ್ರವನ್ನು ತುಂಬ ಚೆನ್ನಾಗಿ ಮಾಡಿದ್ದಾರೆ. ಕೆಟ್ಟವನಲ್ಲ, ದಣಿದವನು. ದೇಶ ಶಾಂತವಾಗಿರಬೇಕಾದರೆ ಒಬ್ಬನ ತಲೆ ಹೋಗಲೇಬೇಕು ಎಂದು ಲೆಕ್ಕ ಹಾಕಿ ಮುಗಿಸಿದವನು. ಇಲ್ಲಿಯವರೆಗೆ ಪುಸ್ತಕಕ್ಕೆ ಹತ್ತಿರ. ಆಮೇಲೆ ಚಿತ್ರ ದಾರಿ ಬದಲಿಸುತ್ತದೆ. ಕೊಂದವನು ನಾನೇ ಎಂದು ಅಲನ್ ಒಪ್ಪಿಕೊಂಡು, ಜೇಮ್ಸ್‌ನನ್ನು ಉಳಿಸಲು ತಾನೇ ನಡೆದುಹೋಗಿ ಶರಣಾಗುತ್ತಾನೆ. ಮೈಕಲ್ ಕೇನ್ ಒಬ್ಬರೇ ಕೋಟೆಯ ಕಡೆ ಹೋಗುವುದನ್ನು ನೋಡಿದಾಗ ಕಣ್ಣು ಒದ್ದೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ ಆ ಕಣ್ಣೀರು ಬಹಳ ಸುಲಭದ್ದು. ಕೊಂದವನು ಸಿಕ್ಕಿಬಿಟ್ಟ, ಅವನು ವೀರನೂ ಹೌದು, ನಿರಪರಾಧಿ ಬದುಕಿಕೊಂಡ. ಹಾಗಾದರೆ ಡೇವಿಡ್ ಇಷ್ಟು ಹೊತ್ತು ಹೊತ್ತುಕೊಂಡು ತಿರುಗಿದ ಭಾರ ಏನಾಯಿತು? ಅವನ ಹೆಗಲಿನಿಂದ ಇನ್ನೊಬ್ಬರು ಇಳಿಸಿಕೊಂಡರು. ನೋಡುವ ನಮ್ಮ ಹೆಗಲಿನಿಂದಲೂ.

‘ಕ್ಯಾಟ್ರಿಯೊನಾ’ದಲ್ಲಿ ಆಗುವುದೇ ಬೇರೆ. ಡೇವಿಡ್‌ನನ್ನು ಹೊತ್ತೊಯ್ದು, ಸಮುದ್ರದ ನಡುವೆ ಇರುವ ಬ್ಯಾಸ್ ರಾಕ್ ಎಂಬ ಬಂಡೆದ್ವೀಪದಲ್ಲಿ ಕೂಡಿಹಾಕುತ್ತಾರೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ವಿಚಾರಣೆ ಮುಗಿಯುವವರೆಗೆ ಅಲ್ಲಿರು ಅಷ್ಟೇ. ಬಿಡುಗಡೆಯಾಗಿ ಮಳೆಯಲ್ಲಿ ನೆನೆದು ಇನ್‌ವರರಿಗೆ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿದೆ. ಅಲ್ಲಿ ಜೇಮ್ಸ್‌ನ ಪರವಾದ ವಕೀಲರೂ ಈ ಹುಡುಗನ ಸಾಕ್ಷ್ಯವನ್ನು ತಮ್ಮ ರಾಜಕೀಯಕ್ಕೆ ಹೇಗೆ ಬಳಸಬಹುದು ಎಂದೇ ಯೋಚಿಸುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ಚುಚ್ಚಿದ್ದು ಅದರ ನಂತರದ ಭಾಗ. ಲಾರ್ಡ್ ಅಡ್ವೊಕೇಟ್ ಡೇವಿಡ್‌ನನ್ನು ಮನೆಗೇ ಕರೆದುಕೊಳ್ಳುತ್ತಾನೆ. ಅವನ ಹೆಣ್ಣುಮಕ್ಕಳ ಜೊತೆ ಮಾತು, ನಗು, ಹೊಸ ಬಟ್ಟೆ, ಒಳ್ಳೆಯ ಜನರ ಪರಿಚಯ. ಇತ್ತ ಜೇಮ್ಸ್ ಗಲ್ಲಿಗೇರುತ್ತಾನೆ. ಡೇವಿಡ್ ಅದನ್ನು ಮುಚ್ಚಿಡದೆ ನಮಗೆ ಹೇಳುತ್ತಾನೆ. ಜಗತ್ತು ಎಂದಿನಂತೆ ನಡೆಯುತ್ತಿತ್ತು, ನಾನೂ ಊಟ ಮಾಡುತ್ತಿದ್ದೆ ಎನ್ನುವ ಧಾಟಿ ಅದು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಎಂದು ಹೇಳದೆ ಕುಳಿತರೆ ಈ ಭಾಷಣಕ್ಕೆ ಅರ್ಥ ಇರುವುದಿಲ್ಲ.

ಎಂಟೊಂಬತ್ತು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಶನಿವಾರ ರಾತ್ರಿ ಹಳೆಯ ಸಿಸ್ಟಮ್ಮಿನಿಂದ ಹೊಸದಕ್ಕೆ ಡೇಟಾ ಸಾಗಿಸುವ ಕೆಲಸ ಇತ್ತು. ಅದು ಕೆಟ್ಟುಹೋಯಿತು. ಗ್ರಾಹಕರ ದಾಖಲೆಗಳು ಎರಡೆರಡು ಸಲ ಬಂದು ಕುಳಿತವು. ಸೋಮವಾರದ ಮೀಟಿಂಗಿನಲ್ಲಿ, ಸ್ಕ್ರಿಪ್ಟ್ ಪರೀಕ್ಷಿಸಿದವಳು ನಮ್ಮ ತಂಡದ ಕಾಂಟ್ರಾಕ್ಟ್ ಹುಡುಗಿ, ಅವಳ ನಿರ್ಲಕ್ಷ್ಯ ಎಂದು ಬರೆದುಕೊಂಡರು. ಆ ಹುಡುಗಿ ಅಲ್ಲಿರಲಿಲ್ಲ, ಕಾಂಟ್ರಾಕ್ಟಿನವರನ್ನು ಆ ಮೀಟಿಂಗಿಗೆ ಕರೆಯುತ್ತಿರಲಿಲ್ಲ. ನಾನು ಇದ್ದೆ. ಭಾನುವಾರ ಬೆಳಗ್ಗೆ ನಾನು ಲಾಗ್ ನೋಡಿದ್ದೆ. ಅವಳು ಪರೀಕ್ಷೆ ಮುಗಿಸಿ ಹೋದ ಮೇಲೆ ಆ ಸ್ಕ್ರಿಪ್ಟನ್ನು ಯಾರೋ ತಿದ್ದಿದ್ದರು. ಯಾರ ಲಾಗಿನ್ನಿನಿಂದ ಎಂಬುದೂ ಗೊತ್ತಿತ್ತು, ಅವರು ಆ ಟೇಬಲ್ಲಿನಲ್ಲೇ ಕುಳಿತಿದ್ದರು. ನನ್ನ ಬಡ್ತಿಗೆ ಎರಡು ತಿಂಗಳಿತ್ತು. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡೆ. ಯಾರೂ ಕೇಳಲಿಲ್ಲ. ವಾರದೊಳಗೆ ಅವಳ ಕಾಂಟ್ರಾಕ್ಟ್ ಮುಗಿಸಿದರು. ಹೋಗುವ ದಿನ ಬಂದು, “ಅಕ್ಕಾ, ನಾನು ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ” ಅಂದಳು. ಆಗಲಿ ಬಿಡು, ಇನ್ನೂ ಒಳ್ಳೆಯದು ಸಿಗುತ್ತೆ ಅಂದೆ ನಾನು.

ಡೇವಿಡ್‌ನನ್ನು ಬಂಡೆಯ ಮೇಲೆ ಕೂಡಿಹಾಕಬೇಕಾಯಿತು. ನನ್ನನ್ನು ಯಾರೂ ಕೂಡಿಹಾಕಿರಲಿಲ್ಲ.

ಪುಸ್ತಕದಲ್ಲಿ ಇನ್ನೊಂದು ಜಾಗವಿದೆ, ಅದೂ ದ್ವೀಪವೇ. ಹಡಗು ಒಡೆದ ಮೇಲೆ ಡೇವಿಡ್ ಎರೇಡ್ ಎಂಬ ಪುಟ್ಟ ದ್ವೀಪಕ್ಕೆ ಬೀಳುತ್ತಾನೆ. ಸ್ಟೀವನ್ಸನ್‌ನ ತಂದೆ ಹತ್ತಿರದಲ್ಲಿ ದೀಪಸ್ತಂಭ ಕಟ್ಟಿಸುವಾಗ ಆ ದ್ವೀಪದಿಂದಲೇ ಕೆಲಸ ನಡೆದಿತ್ತು, ಮಗ 1870ರಲ್ಲಿ ಅಲ್ಲಿ ಇದ್ದು ಬಂದಿದ್ದ. ಡೇವಿಡ್ ಅಲ್ಲಿ ಹಸಿ ಚಿಪ್ಪುಮೀನು ತಿಂದು, ವಾಂತಿ ಮಾಡಿಕೊಂಡು, ದಿನಗಟ್ಟಲೆ ಮಳೆಯಲ್ಲಿ ನಡುಗುತ್ತಾನೆ. ದೋಣಿಯಲ್ಲಿ ಹೋಗುವ ಮೀನುಗಾರರು ಇವನನ್ನು ನೋಡಿ ನಗುತ್ತಾರೆ. ಯಾಕೆಂದರೆ ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು, ಆಚೆ ದಡಕ್ಕೆ ನಡೆದೇ ಹೋಗಬಹುದು! ಆ ಮೀಟಿಂಗ್ ರೂಮನ್ನು ನೆನೆದಾಗಲೆಲ್ಲ ನನಗೆ ಈ ದ್ವೀಪ ನೆನಪಾಗುತ್ತದೆ.

ಹುಡುಗರ ಕಥೆ ಎಂದಿರಲ್ಲ, ಹೆಂಗಸರ ವಿಷಯವನ್ನೂ ಹೇಳಿಯೇ ಮುಗಿಸುತ್ತೇನೆ. ಚಿತ್ರದಲ್ಲಿ ಕ್ಯಾಟ್ರಿಯೊನಾ ಇದ್ದಾಳೆ. ವಿವಿಯನ್ ಹೈಲ್‌ಬ್ರನ್ ಎಂಬ ನಟಿ ಮಾಡಿದ್ದಾರೆ. ಅಲ್ಲಿ ಅವಳನ್ನು ಜೇಮ್ಸ್ ಸ್ಟೂವರ್ಟನ ಮಗಳನ್ನಾಗಿ ಮಾಡಿ, ತಂದೆಗಾಗಿ ಸಂಕಟಪಡುವ ಕೆಲಸ ಕೊಟ್ಟಿದ್ದಾರೆ. ಪುಸ್ತಕದ ಕ್ಯಾಟ್ರಿಯೊನಾ ಇನ್ನೊಬ್ಬ ಕೈದಿ ಜೇಮ್ಸ್ ಮೋರ್‌ನ ಮಗಳು. ಅವಳು ಚಮ್ಮಾರನ ವೇಷ ಹಾಕಿಕೊಂಡು ಎಡಿನ್‌ಬರೋ ಕೋಟೆಯೊಳಗೆ ಹೋಗಿ ಅಪ್ಪನನ್ನು ಬಿಡಿಸುತ್ತಾಳೆ. ಇದಕ್ಕೂ ಚರಿತ್ರೆಯ ಆಧಾರ ಇದೆ. ನಿಜವಾದ ಜೇಮ್ಸ್ ಮೋರ್ 1752ರ ನವೆಂಬರಿನಲ್ಲಿ ಮಗಳ ನೆರವಿನಿಂದ, ಚಮ್ಮಾರನ ವೇಷದಲ್ಲಿ ಅದೇ ಕೋಟೆಯಿಂದ ತಪ್ಪಿಸಿಕೊಂಡ. ಆ ಅಪ್ಪ ಅದಕ್ಕೆ ಯೋಗ್ಯನಾಗಿರಲಿಲ್ಲ ಎನ್ನುವುದು ಬೇರೆ ಮಾತು. ಇಂಥ ದೃಶ್ಯ ಕೈಯಲ್ಲಿದ್ದೂ ಸಿನಿಮಾದವರು ಅವಳನ್ನು ಅಳಿಸಲು ನಿಲ್ಲಿಸಿದರಲ್ಲ ಎಂದು ನನಗೆ ಈಗಲೂ ಸಿಟ್ಟಿದೆ.

ಆದರೆ ನನಗೆ ಅವಳಿಗಿಂತ ಹತ್ತಿರದವಳು ಬೇರೊಬ್ಬಳು. ‘ಕಿಡ್‌ನ್ಯಾಪ್ಡ್’ನ ಕೊನೆಯ ಭಾಗದಲ್ಲಿ ಡೇವಿಡ್ ಮತ್ತು ಅಲನ್ ಫೋರ್ತ್ ನದಿಯ ದಡಕ್ಕೆ ಬಂದು ನಿಲ್ಲುತ್ತಾರೆ. ಸೇತುವೆಗೆ ಕಾವಲಿದೆ, ದೋಣಿ ಇಲ್ಲ, ಇಬ್ಬರ ತಲೆಗೂ ಬಹುಮಾನ ಇದೆ. ಲೈಮ್‌ಕಿಲ್ನ್ಸ್ ಎಂಬ ಹಳ್ಳಿಯ ಸಣ್ಣ ಹೋಟೆಲಿನಲ್ಲಿ ಬ್ರೆಡ್ಡು, ಚೀಸು ಕೊಳ್ಳುತ್ತಾರೆ. ಕೊಟ್ಟವಳು ಅಲ್ಲಿ ಕೆಲಸಕ್ಕಿರುವ ಹುಡುಗಿ. ಅಲನ್ ನಾಟಕವಾಡಿ ಅವಳ ಕರುಣೆ ಗಿಟ್ಟಿಸಲು ನೋಡುತ್ತಾನೆ. ಡೇವಿಡ್‌ಗೆ ಆ ನಾಟಕ ಹೇಸಿಗೆ. ಇವಳಿಗೆ ಅಪಾಯ ತರುತ್ತಿದ್ದೇವಲ್ಲ ಎಂಬ ಅಳುಕು. ಅವಳು ಸಹಾಯ ಮಾಡುತ್ತೇನೆ ಎನ್ನುತ್ತಾಳೆ. ರಾತ್ರಿ ಹಳ್ಳಿ ಮಲಗಿದ ಮೇಲೆ, ಯಾರನ್ನೂ ನಂಬಿ ಹೇಳದೆ, ನೆರೆಯವರ ದೋಣಿ ಕದ್ದು, ತಾನೇ ಹುಟ್ಟು ಹಾಕಿಕೊಂಡು ಬಂದು ಇಬ್ಬರನ್ನೂ ಆಚೆ ದಡಕ್ಕೆ ದಾಟಿಸುತ್ತಾಳೆ. ಕೈ ಕುಲುಕಿ, ಇವರು ಧನ್ಯವಾದ ಹೇಳುವ ಮೊದಲೇ ನೀರಿನ ಮೇಲೆ ಹೊರಟುಹೋಗುತ್ತಾಳೆ.

ಅವಳು ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತು. ಅವಳಿಗೆ ಈ ಇಬ್ಬರ ರಾಜಕೀಯವೂ ಬೇಕಿರಲಿಲ್ಲ, ಆಸ್ತಿಯೂ ಬೇಕಿರಲಿಲ್ಲ. ಅಷ್ಟು ದೊಡ್ಡ ಉಪಕಾರ ಮಾಡಿದವಳಿಗೆ ‘ಕಿಡ್‌ನ್ಯಾಪ್ಡ್’ನಲ್ಲಿ ಹೆಸರೇ ಇಲ್ಲ, ಬರೀ ‘ಆ ಹುಡುಗಿ’. ಹೆಸರು ಸಿಗುವುದು ಏಳು ವರ್ಷದ ನಂತರದ ‘ಕ್ಯಾಟ್ರಿಯೊನಾ’ದಲ್ಲಿ. ಆಲಿಸನ್ ಹೇಸ್ಟಿ.

ನಮ್ಮ ಆ ಕಾಂಟ್ರಾಕ್ಟ್ ಹುಡುಗಿಯನ್ನು ಹೋದ ವರ್ಷ ಹುಡುಕಿ ಮೆಸೇಜ್ ಕಳಿಸಿದೆ. ಲಾಗ್‌ನಲ್ಲಿ ನೋಡಿದ್ದನ್ನು, ಮೀಟಿಂಗಿನಲ್ಲಿ ಸುಮ್ಮನಿದ್ದುದನ್ನು, ಪೂರ್ತಿ ಬರೆದೆ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಬಂತು: “ಅವತ್ತೇ ಹೇಳಿದ್ರೆ ಚೆನ್ನಾಗಿತ್ತು ಅಕ್ಕಾ.” ಅಷ್ಟೇ. ಅವಳು ಈಗ ಬೇರೆ ಊರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ. ಮತ್ತೆ ಬರೆದಿಲ್ಲ, ನಾನೂ ಒತ್ತಾಯಿಸಿಲ್ಲ.

ಸಿನಿಮಾವನ್ನು ಖಂಡಿತ ನೋಡಿ, ಕೇನ್ ಮತ್ತು ಟ್ರೆವರ್ ಹೊವರ್ಡ್ ಇಬ್ಬರಿಗಾಗಿ. ನೋಡಿದ ಮೇಲೆ ಎರಡೂ ಪುಸ್ತಕ ಓದಿ, ಮೊದಲು ‘ಕಿಡ್‌ನ್ಯಾಪ್ಡ್’, ಆಮೇಲೆ ‘ಕ್ಯಾಟ್ರಿಯೊನಾ’. ಸ್ಕಾಟ್ಸ್ ಪದಗಳು ಮೊದಲ ಮೂವತ್ತು ಪುಟ ಕಾಡುತ್ತವೆ, ಆಮೇಲೆ ಅಭ್ಯಾಸವಾಗುತ್ತದೆ.